ಅರ್ಧ ಪಾಯಿಂಟಿನ ಬೆಲ್ಟು

ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಲೇ ಎರಡು ದಿನ ಕಳೆದೆ. ಕೊನೆಗೆ ಹೀಗೆ ಶುರು ಮಾಡಿದೆ:

"ಆ ಬೆಳಿಗ್ಗೆ ಅವಳು ಎಂದಿನಂತೆ ಮೆಟ್ಟಿಲಿಳಿದು ನಡೆದು ಹೋದಳು. ಅದೇ ಕೊನೆಯ ನಡಿಗೆ ಎಂದು ಅವಳಿಗೆ ಗೊತ್ತಿರಲಿಲ್ಲ."

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತು. ಓದುಗರ ಕೊರಳಪಟ್ಟಿ ಹಿಡಿದು ಒಳಗೆಳೆದುಕೊಳ್ಳುವ ಸಾಲು. ಫೋಟೋ ತೆಗೆದು ತಂಗಿಗೆ ಕಳಿಸಿದೆ. (ಈ ಕಥೆ ತಂಗಿಯದು. ಅವಳ ಒಪ್ಪಿಗೆಯಿಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು ಎಂದು ಮೊದಲೇ ಕರಾರಾಗಿದೆ. ಕಥೆಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.) ಐದು ನಿಮಿಷದಲ್ಲಿ ವಾಯ್ಸ್ ಮೆಸೇಜ್ ಬಂತು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು.

"ಅಣ್ಣಾ, ಹರಿದು ಹಾಕು. ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಹನ್ನೊಂದು ವರ್ಷ ಆಯ್ತು. ನಾನೇ ಅಲ್ಲಿಂದ ಹೊರಟು ಬಂದ್ಬಿಟ್ಟಿದೀನಿ, ನೀನಿನ್ನೂ ಆ ಮೆಟ್ಟಿಲ ಹತ್ರಾನೇ ನಿಂತಿದೀಯಲ್ಲೋ."

ಹರಿದು ಹಾಕಿದೆ. ಹಾಗಾದರೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ.

"ಶನಿವಾರದಿಂದ ಮಾಡು. ಪಾಪ, ಓದೋರಿಗೆ ಏನು ವಿಷಯ ಅಂತ ಮೊದಲು ಹೇಳು. ಆಮೇಲೆ ಬೇಕಾದಷ್ಟು ನಿನ್ನ ಗೋಳು ಹಾಕ್ಕೋ."

೧

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕೋಣೆಯಲ್ಲಿ ನನ್ನ ತಂಗಿಗೆ ಪಾಯಿಂಟ್ ಹಾಕುತ್ತಾರೆ. ಒಂದು ಬಂದರೆ ಅವಳು ತಂಡದ ಐವರಲ್ಲಿ ಉಳಿಯುತ್ತಾಳೆ. ಒಂದೂವರೆ ಬಂದರೆ ಬೆಂಚಿಗೆ. (ನೀವು ಸರಿಯಾಗಿಯೇ ಓದಿದಿರಿ. ಇಲ್ಲಿ ಹೆಚ್ಚು ಬಂದರೇ ನಷ್ಟ. ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತಿದ್ದೇನೆ.)

ತಂಗಿ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಹೊಟ್ಟೆಪಾಡಿಗೆ ಟೈಲರ್. ಮಾರುಕಟ್ಟೆ ರಸ್ತೆಯ ಮೂಲೆಯಲ್ಲಿ, ಬೀಗದ ಕೀಲಿ ಮಾಡುವವನ ಪಕ್ಕ, ಎಂಟಡಿಗೆ ಹತ್ತಡಿಯ ಅಂಗಡಿ. ಮಿಷನ್ನಿನ ಪೆಡಲನ್ನು ಕೀಳಿಸಿ, ಮೊಣಕೈಯಿಂದ ಒತ್ತಿದರೆ ಓಡುವ ಹಾಗೆ ಮಾಡಿಸಿಕೊಂಡಿದ್ದಾಳೆ. ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತುಕೊಂಡೇ ಕೇಳುತ್ತಾರೆ, "ನಿಮಗೆ ಹೀಗೆ ಹೇಗಾಯ್ತು?" ತಂಗಿ ಅವರ ಸೊಂಟಕ್ಕೆ ಟೇಪು ಸುತ್ತಿ, ಅಂಕಿ ನೋಡಿ, "ನಿಮಗೆ ಇದು ಹೇಗಾಯ್ತು ಅಂತ ನಾನು ಕೇಳಿದ್ನಾ?" ಅನ್ನುತ್ತಾಳೆ. ಆದರೂ ಗಿರಾಕಿಗಳು ಕಡಿಮೆಯಾಗಿಲ್ಲ, ಕೈಕೆಲಸ ಅಷ್ಟು ಚೊಕ್ಕ.

ಓದುಗರೇ, ನಿಮ್ಮ ನಾಲಿಗೆ ತುದಿಯಲ್ಲೂ ಅದೇ ಪ್ರಶ್ನೆ ಇದೆ ಎಂದು ನನಗೆ ಗೊತ್ತು. ಉತ್ತರ ಈ ಕಥೆಯಲ್ಲಿ ಸಿಗುವುದಿಲ್ಲ. ಬೇಕಾದರೆ ಟೇಪು ಅವಳ ಕೈಯಲ್ಲೇ ಇದೆ, ಹೋಗಿ ಕೇಳಿ.

೨

ಈಗ ಲೆಕ್ಕ. ಈ ಆಟದಲ್ಲಿ ಪ್ರತಿಯೊಬ್ಬರಿಗೂ, ಅವರ ದೇಹ ಅವರ ಮಾತನ್ನು ಎಷ್ಟು ಕೇಳುತ್ತದೆ ಎನ್ನುವುದರ ಮೇಲೆ, ಒಂದರಿಂದ ನಾಲ್ಕೂವರೆಯವರೆಗೆ ಪಾಯಿಂಟ್ ಇರುತ್ತದೆ. ಎದೆಯಿಂದ ಕೆಳಗೆ ಯಾವುದೂ ಮಾತು ಕೇಳದಿದ್ದರೆ ಒಂದು. ಒಂದು ಪಾದ ಮಾತ್ರ ಇಲ್ಲ, ಮಿಕ್ಕಿದ್ದೆಲ್ಲ ಗಟ್ಟಿಮುಟ್ಟು ಅಂದರೆ ನಾಲ್ಕೂವರೆ. ಅಂಗಳದಲ್ಲಿರುವ ಐವರ ಪಾಯಿಂಟ್ ಕೂಡಿಸಿದರೆ ಹದಿನಾಲ್ಕು ಮೀರಬಾರದು.

ತಂಗಿಯ ತಂಡದ ಐವರು: ನಾಲ್ಕೂವರೆ, ಮೂರೂವರೆ, ಮೂರು, ಎರಡು, ಒಂದು. ಕೂಡಿಸಿ ನೋಡಿ. ನಾನು ನಾಲ್ಕು ಸಲ ಕೂಡಿಸಿದ್ದೇನೆ, ಪ್ರತಿ ಸಲವೂ ಹದಿನಾಲ್ಕೇ. ತಂಡದ ಕೋಚ್ ಹಿಂದೆ ಗಣಿತದ ಮೇಷ್ಟರಾಗಿದ್ದವರು. ಈ ಹದಿನಾಲ್ಕನ್ನು ಹೊಂದಿಸಲು ಅವರಿಗೆ ಮೂರು ವರ್ಷ ಹಿಡಿಯಿತು. ಬೆಂಚಿನ ಮೇಲೆ ಇನ್ನಿಬ್ಬರಿದ್ದಾರೆ: ಒಂದು ಪಾಯಿಂಟಿನ ಹೊಸ ಹುಡುಗಿ, ನಾಲ್ಕು ಪಾಯಿಂಟಿನ ನರ್ಸಮ್ಮ. ನರ್ಸಮ್ಮನ ಕೈಯಿಂದ ಹತ್ತು ಸಲ ಎಸೆದ ಚೆಂಡು ಎರಡು ಸಲ ಬಾಸ್ಕೆಟ್ಟಿಗೆ ಬೀಳುತ್ತದೆ, ಒಂದು ಸಲ ಮೇಷ್ಟರಿಗೆ.

ನಾಲ್ಕೂವರೆ ಯಾರು ಅಂದರೆ ಉದ್ದಕ್ಕ. ಹೆಸರು ಬೇರೆ ಇದೆ, ಯಾರೂ ಕರೆಯುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ, ಎಡಗಾಲಿಗೆ ಕೃತಕ ಪಾದ, ಮೇಲಿನ ಕಪಾಟಿಗೆ ಏಣಿಯಿಲ್ಲದೆ ಕೈ ಹಾಕುವ ಎತ್ತರ. ತಂಡದ ಮುಕ್ಕಾಲು ಅಂಕ ಅವಳದೇ. ಒಂದು ಪಾಯಿಂಟ್ ನನ್ನ ತಂಗಿ. ಅವಳನ್ನು ತಂಡದಲ್ಲಿ ಗೋಡೆ ಎಂದು ಕರೆಯುತ್ತಾರೆ.

೩

(ಇಲ್ಲಿ ಆಸ್ಪತ್ರೆಯ ದೃಶ್ಯ ಇತ್ತು. ಎರಡು ಪುಟ, ಬಿಳಿ ಹಾಸಿಗೆ, ಕಿಟಕಿಯಾಚೆ ಒಂದು ಹಕ್ಕಿ. ತಂಗಿ ಓದಿ, "ಹಕ್ಕಿ ಇರ್ಲಿಲ್ಲ, ಎಸಿ ಬಾಕ್ಸ್ ಇತ್ತು" ಎಂದಳು. ತೆಗೆದೆ. ಸಂಖ್ಯೆ ಮಾತ್ರ ಉಳಿದಿದೆ.)

೪

ಮುಂದೆ ಒಂದು ಪಂದ್ಯ ಬರೆದೆ. ಬರೆಯುವಾಗ ನನ್ನ ಕಣ್ಣೇ ಒದ್ದೆಯಾಯಿತು, ಅಷ್ಟು ಚೆನ್ನಾಗಿತ್ತು. ಕೊನೆಯ ಮೂರು ಸೆಕೆಂಡು. ಒಂದು ಅಂಕ ಹಿಂದೆ. ಉದ್ದಕ್ಕನನ್ನು ಇಬ್ಬರು ಮುತ್ತಿಕೊಂಡಿದ್ದಾರೆ. ಚೆಂಡು ಉರುಳಿ ತಂಗಿಯ ಕೈಗೆ ಬರುತ್ತದೆ. ಒಂಬತ್ತು ವರ್ಷ ಯಾರಿಗೂ ಕಾಣದೆ ಆಡಿದವಳು ಕೈ ಎತ್ತುತ್ತಾಳೆ. ಚೆಂಡು ಗಾಳಿಯಲ್ಲಿ. ಸಭಾಂಗಣ ಉಸಿರು ಬಿಗಿ ಹಿಡಿದಿದೆ...

ವಾಯ್ಸ್ ಮೆಸೇಜ್ ಅಲ್ಲ, ಈ ಸಲ ನೇರ ಫೋನೇ ಬಂತು.

"ನಾನ್ಯಾಕೆ ಎಸೀತಿದೀನಿ?"

"ಕ್ಲೈಮ್ಯಾಕ್ಸ್ ಕಣೇ."

"ಒಂಬತ್ತು ವರ್ಷದಲ್ಲಿ ನಾನು ಹಾಕಿರೋದು ಏಳು ಬಾಸ್ಕೆಟ್. ಅದ್ರಲ್ಲಿ ಮೂರು ಪ್ರಾಕ್ಟೀಸಲ್ಲಿ. ನನ್ನ ಕೆಲಸ ಅದಲ್ಲ."

"ಗೊತ್ತು. ಅದಕ್ಕೇ ಅಲ್ವಾ, ಕೊನೆಗೊಂದು ಸಲ..."

"ಅಣ್ಣಾ, ನೀನು ನನ್ನ ಎಷ್ಟು ಮ್ಯಾಚ್ ನೋಡಿದೀಯ?"

"ಎಲ್ಲಾ."

"ಇಲ್ಲ. ನೀನು ಚೆಂಡು ನೋಡಿದೀಯ. ಎಲ್ಲರೂ ಚೆಂಡೇ ನೋಡೋದು. ಕುರ್ಚಿ ಪಕ್ಕಕ್ಕೆ ಹೋಗಲ್ಲ ಕಣೋ, ಮುಂದೆ ಹೋಗುತ್ತೆ, ಹಿಂದೆ ಬರುತ್ತೆ, ಅಷ್ಟೇ. ನಾನು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಹೋಗಿ ನಿಂತ್ರೆ, ಎದುರಿನವಳು ಎಷ್ಟೇ ಜೋರಿದ್ರೂ ಎರಡು ಸೆಕೆಂಡ್ ಅಲ್ಲೇ. ಆ ಎರಡು ಸೆಕೆಂಡಲ್ಲಿ ಉದ್ದಕ್ಕನಿಗೆ ದಾರಿ ಬಿಡುತ್ತೆ. ಆ ದಾರಿ ಮಾಡೋದು ನಾನು. ನೀನು ನನ್ನ ಕೈಗೆ ಚೆಂಡು ಕೊಟ್ಟು ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಬರೀತಿದೀಯ."

ಅವಳೇ ಮುಂದುವರಿಸಿದಳು, ಸ್ವಲ್ಪ ಮೆತ್ತಗೆ.

"ಹೊರಗೆ ನಾನು ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರಿಗೆ ಸೊನ್ನೆ. ಕೆಲವರಿಗೆ, ಅಬ್ಬಾ ಎಂಥಾ ಧೈರ್ಯ ಅಂತ, ನೂರಕ್ಕೆ ನೂರು. ಎರಡೂ ಸುಳ್ಳು. ಅಂಗಳದಲ್ಲಿ ಮಾತ್ರ ನನ್ನ ಲೆಕ್ಕ ಸರಿಯಾಗಿದೆ. ಒಂದು. ಆ ಒಂದು ಇಲ್ದಿದ್ರೆ ಉದ್ದಕ್ಕನ ನಾಲ್ಕೂವರೆಗೆ ಜಾಗಾನೇ ಇಲ್ಲ. ಅದನ್ನ ಬರಿ."

ಬರೆದಿದ್ದೇನೆ. ಚೆಂಡು ಮಾತ್ರ ಇನ್ನೂ ಗಾಳಿಯಲ್ಲೇ ಇದೆ, ಅದನ್ನು ಕೆಳಗಿಳಿಸುವ ಧೈರ್ಯ ನನಗಿಲ್ಲ.

೫

(ತಪ್ಪೊಪ್ಪಿಗೆ. ಇದನ್ನು ತಂಗಿ ಸೇರಿಸಲು ಹೇಳಿಲ್ಲ, ಆದರೆ ಉದ್ದಕ್ಕ ಹೇಳಿದ್ದಾಳೆ.)

ನಾಲ್ಕು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ತಂಗಿಯ ಕುರ್ಚಿ ಮಗುಚಿತು. ಈ ಆಟದಲ್ಲಿ ಅದು ಮಾಮೂಲು. ಕುರ್ಚಿಗೇ ಬಿಗಿದುಕೊಂಡಿರುತ್ತಾರೆ, ಕುರ್ಚಿ ಸಮೇತ ಬೀಳುತ್ತಾರೆ, ಜೊತೆಯವರು ಬಂದು ಎತ್ತುತ್ತಾರೆ, ಆಟ ಮುಂದೆ ಸಾಗುತ್ತದೆ. ಮೊದಲ ಸಾಲಿನಲ್ಲಿ ಕುಳಿತಿದ್ದ ನನಗೆ ಇದೆಲ್ಲ ಗೊತ್ತಿತ್ತು. ಆದರೂ ನಾನು ಹಗ್ಗ ಹಾರಿ ಅಂಗಳಕ್ಕೆ ಓಡಿ, "ಯಾರೂ ಮುಟ್ಟಬೇಡಿ!" ಎಂದು ಕೂಗುತ್ತಾ ಅವಳ ಬಳಿ ಮಂಡಿಯೂರಿ ಕುಳಿತೆ. ಸೀಟಿ ಊದಿದರು. ತಂಡಕ್ಕೆ ಸೇರದವನು ಅಂಗಳಕ್ಕೆ ಇಳಿದರೆ ತಪ್ಪು ತಂಡದ ತಲೆಗೆ. ಎದುರಿನವರಿಗೆ ಒಂದು ಎಸೆತ ಕೊಟ್ಟರು. ಪಂದ್ಯ ಒಂದು ಅಂಕದಿಂದ ಹೋಯಿತು. ಆ ಒಂದು ಅಂಕ ನಾನು.

ನೆಲದ ಮೇಲೆ ಅಡ್ಡ ಬಿದ್ದುಕೊಂಡೇ ತಂಗಿ ಹೇಳಿದ ಮಾತನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ. ಒಂದು ತಿಂಗಳು ಮಾತು ಬಿಟ್ಟಳು. ಅಂದಿನಿಂದ ನನ್ನ ಜಾಗ ಕೊನೆಯ ಸಾಲು.

ಆದರೆ ಒಂದು ವಿಷಯವನ್ನು ನೀವು ತಿಳಿಯಬೇಕು. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವಳ ಕುರ್ಚಿ ತಳ್ಳಿದವನು ನಾನು. ಕ್ಲಿನಿಕ್ಕಿಗೆ, ಬ್ಯಾಂಕಿಗೆ, ಅಂಗಡಿಗೆ ಜಾಗ ಹುಡುಕಲು. ಅವಳ ನೆತ್ತಿಯ ಸುಳಿ ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತು. ಮೊದಲ ದಿನ ಆಟದ ಕುರ್ಚಿ ಬಂದಾಗ ನಾನು ಅಭ್ಯಾಸಬಲದಿಂದ ಹಿಂದೆ ಹೋಗಿ ನಿಂತೆ. ಹಿಡಿಯಲು ಹಿಡಿಕೆಯೇ ಇರಲಿಲ್ಲ. ಆಟದ ಕುರ್ಚಿಗೆ ಹಿಡಿಕೆ ಇಡುವುದೇ ಇಲ್ಲವಂತೆ. ತಂಗಿ ಎರಡು ಸಲ ಚಕ್ರ ತಳ್ಳಿ ಆ ಕಡೆ ಗೋಡೆ ಮುಟ್ಟಿದಳು. ನಾನು ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

೬

ಬೆಲ್ಟು.

ಆಟಗಾರರು ಸೊಂಟವನ್ನು ಕುರ್ಚಿಗೆ ಬಿಗಿಯಲು ಬೆಲ್ಟು ಹಾಕುತ್ತಾರೆ. ತಂಗಿಯದು ಹಳೆಯದು, ಕೊಂಡದ್ದು, ಸಡಿಲ. ಒಂದು ದಿನ ಅವಳು ನನ್ನನ್ನು ಅಂಗಡಿಗೆ ಕರೆದು, "ಊರಿಗೆಲ್ಲ ಅಳತೆ ತಗೊಂಡು ಹೊಲೀತೀನಿ, ನನ್ನ ಅಳತೆ ನಾನು ತಗೊಂಡೇ ಇಲ್ಲ ನೋಡು" ಎಂದಳು. ಟೇಪನ್ನು ತನ್ನ ಸೊಂಟಕ್ಕೆ ತಾನೇ ಸುತ್ತಿಕೊಂಡು ಅಂಕಿ ಬರೆದುಕೊಂಡಳು. ಸೀಟ್ ಬೆಲ್ಟಿನ ಪಟ್ಟಿ, ಡೇರೆಯ ದಪ್ಪ ಬಟ್ಟೆ, ಒಳಗೆ ಮೆತ್ತನೆಯ ಫೆಲ್ಟು. ಮೊದಲನೆಯದು ಕಿತ್ತುಹೋಯಿತು. ಎರಡನೆಯದು ಜಾರಿತು. ಮೂರನೆಯದರಿಂದ ನನ್ನ ಪಾಲಿನ ಕೆಲಸ ಶುರುವಾಯಿತು.

ಆ ಜಾಗದಲ್ಲಿ ತಂಗಿಗೆ ನೋವು ತಿಳಿಯುವುದಿಲ್ಲ. ಹೊಲಿಗೆಯ ಒಂದು ಗಂಟು ಒತ್ತಿದರೂ ಗೊತ್ತಾಗದೆ ಗಾಯವಾಗುತ್ತದೆ, ಗಾಯವಾದರೆ ಎರಡು ತಿಂಗಳು ಹಾಸಿಗೆ. ಅದಕ್ಕೆ ಬೆಲ್ಟನ್ನು ನನಗೆ ಕಟ್ಟಿದಳು. ನನ್ನ ಹೊಟ್ಟೆಯ ಸುತ್ತಳತೆಯ ಬಗ್ಗೆ ಅವಳು ಆಡಿದ ಮಾತುಗಳನ್ನು ಬಿಟ್ಟುಬಿಡೋಣ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು, ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಅವಳ ಆಟದ ಕುರ್ಚಿಯಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂರುತ್ತಿದ್ದೆ, ಅವಳು ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದಳು.

"ಎಲ್ಲಿ ಒತ್ತುತ್ತೆ?"

"ಎಡಗಡೆ, ಮೂಳೆ ಹತ್ರ."

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಆಗಲ್ಲ. ಸರಿಯಾಗಿ ಹೇಳು. ನಂಗೆ ನೋಯೋದನ್ನ ನೀನು ಹೇಳ್ಬೇಕು."

ಸರಿಯಾಗಿ ಹೇಳಿದೆ. ಅವಳು ಹೊಲಿಗೆ ಬಿಚ್ಚಿ ಗಂಟನ್ನು ಹೊರಮೈಗೆ ತಂದಳು. ಹೀಗೆ ಹದಿನೆಂಟು ಮಧ್ಯಾಹ್ನ. ಇಷ್ಟು ವರ್ಷದಲ್ಲಿ ನಾನು ಅವಳಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಹದಿನೆಂಟು ದಿನ ಎಂದು ನನಗೆ ಅನ್ನಿಸುತ್ತದೆ. ಇದನ್ನು ಅವಳಿಗೆ ಹೇಳಿಲ್ಲ. ಈಗ ಓದುತ್ತಾಳೆ.

ಆರನೆಯ ಬೆಲ್ಟು ಸರಿಹೋಯಿತು. ಅದೇ ತಪ್ಪಾಯಿತು.

೭

ಹೋದ ವಾರ, ಅಭ್ಯಾಸದ ದಿನ. ನಾನು ಕೊನೆಯ ಸಾಲಿನಲ್ಲಿ, ವಿಧೇಯನಾಗಿ. ಉದ್ದಕ್ಕ ಹಿಂದಿನಿಂದ "ಗೋಡೆ, ಎಡಕ್ಕೆ!" ಎಂದು ಕೂಗಿದಳು. ಸಾಮಾನ್ಯವಾಗಿ ತಂಗಿ ಹಿಂದೆ ನೋಡಬೇಕಾದರೆ ಇಡೀ ಕುರ್ಚಿಯನ್ನೇ ತಿರುಗಿಸಬೇಕು. ಅಂದು ಅವಳ ಎರಡೂ ಕೈ ಚಕ್ರದ ಮೇಲಿದ್ದವು, ಕುರ್ಚಿ ಇದ್ದಲ್ಲೇ ಇತ್ತು. ಅವಳು ನಡುವಿನಿಂದ ತಿರುಗಿದಳು. ತಿರುಗಿ, ಉದ್ದಕ್ಕನನ್ನು ನೋಡಿ, ಮತ್ತೆ ಮುಂದಕ್ಕೆ ಬಂದಳು. ಬೀಳಲಿಲ್ಲ.

ಅಂಗಳದಲ್ಲಿ ಚೆಂಡಿನ ಸದ್ದು ನಿಂತುಹೋಯಿತು.

ಆಮೇಲೆ ಮೇಷ್ಟ್ರು ಬಿಡಿಸಿ ಹೇಳಿದ್ದು ಇಷ್ಟು: ಅವಳ ನಡುವಿನಲ್ಲಿ ಒಂದು ಚೂರು ಶಕ್ತಿ ಮೊದಲಿನಿಂದಲೂ ಇತ್ತು. ಸೊಂಟ ಜಾರುತ್ತಿದ್ದರಿಂದ ಆ ಶಕ್ತಿಗೆ ಒದ್ದು ನಿಲ್ಲಲು ಆಸರೆಯೇ ಇರಲಿಲ್ಲ. ಬೆಲ್ಟು ಸೊಂಟವನ್ನು ಹಿಡಿದು ನಿಲ್ಲಿಸಿತು, ಮೇಲಿನದು ಎದ್ದು ಬಂತು.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಾಲ್ಕು ತಟ್ಟಿದ ಮೇಲೆ ಗೊತ್ತಾಯಿತು, ಇಡೀ ಸಭಾಂಗಣದಲ್ಲಿ ತಟ್ಟುತ್ತಿರುವವನು ನಾನೊಬ್ಬನೇ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು.

"ಅಯ್ಯೋ ಮಗಳೇ," ಎಂದರು. "ಅರ್ಧ ಪಾಯಿಂಟು!"

ಹದಿನಾಲ್ಕೂವರೆ. ಒಬ್ಬಳ ಮೈಗೆ ಸ್ವಲ್ಪ ಬಲ ಬಂತೆಂದು ಎಲ್ಲರೂ ಸೇರಿ ಪೆಚ್ಚಾಗುವ ಜಾಗ ಇದೊಂದೇ ಇರಬೇಕು. ಟೂರ್ನಮೆಂಟಿಗೆ ಮುಂಚೆ ಹೇಗೂ ಹೊಸದಾಗಿ ಪಾಯಿಂಟಿನ ಪರೀಕ್ಷೆ ಇದೆ. ಪರೀಕ್ಷೆಗೆ ಹಾಕಿಕೊಂಡ ಬೆಲ್ಟನ್ನೇ ಪಂದ್ಯಕ್ಕೂ ಹಾಕಿಕೊಳ್ಳಬೇಕು. ಹಳೆಯದಾದರೆ ಒಂದು ಪಾಯಿಂಟು, ತಿರುಗಲಾಗದ ನಡು, ಐವರಲ್ಲಿ ಜಾಗ. ಹೊಸದಾದರೆ ತಿರುಗುವ ನಡು, ಬಹುಶಃ ಒಂದೂವರೆ, ಆಗ ತಂಗಿಯೋ ಉದ್ದಕ್ಕನೋ ಒಬ್ಬರು ಕೆಳಗಿಳಿಯಬೇಕು. ಇದೇ ಶನಿವಾರದ ವಿಷಯ.

ತಂಗಿ ಯಾರ ಮುಖವನ್ನೂ ನೋಡಲಿಲ್ಲ. ಅಂಗಳದ ನಡುವೆ ಒಬ್ಬಳೇ ಇದ್ದು ಇನ್ನೊಂದು ಸಲ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ, ಖಾಲಿ ಬೆಂಚು. ಸುಮ್ಮನೆ, ಆಗುತ್ತದೆ ಎಂದು ನೋಡಿದಳು.

೮

ಗುರುವಾರ ಉದ್ದಕ್ಕ ಅಂಗಡಿಗೆ ಬಂದಳು. ನಾನು ಅಲ್ಲೇ ಇದ್ದೆ. (ಕಥೆಗಾರರು ಎಲ್ಲ ಕಡೆ ಇರುತ್ತಾರೆ, ಕರೆಯದಿದ್ದರೂ.) ಎರಡು ಬೆಲ್ಟುಗಳೂ ಮೇಜಿನ ಮೇಲಿದ್ದವು.

"ಹೊಸದನ್ನ ಹಾಕ್ಕೋ," ಎಂದಳು ಉದ್ದಕ್ಕ. "ನಾನು ಬೆಂಚಿಗೆ ಹೋಗ್ತೀನಿ. ಭುಜ ಹೇಗೂ ಕೈ ಕೊಟ್ಟಿದೆ. ಇದೇ ನನ್ನ ಕೊನೇ ಟೂರ್ನಮೆಂಟು."

"ಕೊನೇದು ಅಂತಾನೇ ನೀವು ಆಡ್ಬೇಕು."

"ನೀನಿಲ್ದೆ ಆಡಿ ಏನು ಮಾಡ್ಲಿ? ಒಂಬತ್ತು ವರ್ಷ ನಿನ್ನ ಹಿಂದೇನೇ ಹೋಗಿದೀನಿ. ಬೇರೆಯವರ ಹಿಂದೆ ಹೋಗೋಕೆ ನಂಗೆ ಬರಲ್ಲ."

"ಹಾಗಾದ್ರೆ ಏನ್ಮಾಡ್ಲಿ ಅಕ್ಕಾ?"

"ಹಳೇದನ್ನೇ ಹಾಕ್ಕೊಂಡ್ಬಿಡು. ಒಂದೇ ಟೂರ್ನಮೆಂಟು. ಆಮೇಲೆ ಎಷ್ಟು ಬೇಕೋ ಅಷ್ಟು ತಿರುಗು."

ತಂಗಿ ಹಳೆಯ ಬೆಲ್ಟನ್ನು ಕೈಗೆತ್ತಿಕೊಂಡಳು. "ಸರಿ" ಎಂದಳು. ಅದನ್ನು ಹೇಳಿದ ರೀತಿಗೆ ಉದ್ದಕ್ಕ ತಟಕ್ಕನೆ ಮುಖ ಆ ಕಡೆ ತಿರುಗಿಸಿದಳು.

"ಥೂ, ನನ್ನ ಬಾಯಿಗಿಷ್ಟು. ನಿನ್ನ ಮೈ ತಿರುಗ್ತಿದೆ, ತಿರುಗಬೇಡ ಅಂತ ನಾನು ಹೇಳ್ತಿದೀನಲ್ಲಾ. ಹೋಗ್ಲಿ ಬಿಡು, ನಾನು ಹೇಳೇ ಇಲ್ಲ ಅಂದ್ಕೋ. ಏ ಕಥೆಗಾರ, ಇದನ್ನ ಬರೀಬೇಡ."

(ಕ್ಷಮಿಸು, ಉದ್ದಕ್ಕ.)

ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ಸೇರಿ ನನ್ನ ಅಂಗಿಯ ಕಾಲರ್ ಬಗ್ಗೆ ನಕ್ಕರು. ತೀರ್ಮಾನ ಏನೂ ಆಗಲಿಲ್ಲ.

೯

ನನಗೆ ಮಾತ್ರ ತೀರ್ಮಾನ ಬೇಕಿತ್ತು. ಸಂಪಾದಕರಿಗೆ ಸೋಮವಾರ ಕಥೆ ಕೊಡಬೇಕು, ಅರ್ಧಕ್ಕೆ ನಿಂತ ಕಥೆ ಯಾರಿಗೆ ಬೇಕು? ಶುಕ್ರವಾರ ಊಟದ ಬಿಡುವಿನಲ್ಲಿ ಮುಕ್ತಾಯಗಳನ್ನು ಬರೆದು ಕಳಿಸಿದೆ. ಉತ್ತರಗಳನ್ನೂ ಇಲ್ಲೇ ಕೊಡುತ್ತೇನೆ.

ಹಳೆಯ ಬೆಲ್ಟು ಹಾಕಿಕೊಂಡು, ತಿರುಗುವ ಆಸೆಯನ್ನು ಒಳಗೇ ನುಂಗಿಕೊಂಡು, ಗೆಳತಿಯ ಕೊನೆಯ ಟೂರ್ನಮೆಂಟು ಗೆಲ್ಲಿಸುತ್ತಾಳೆ. ಉತ್ತರ: "ನಾನೇನು ಮೇಣದಬತ್ತೀನಾ?"

ಹೊಸ ಬೆಲ್ಟು ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಾಳೆ. ಅವಳಿಲ್ಲದ ತಂಡ ಹೀನಾಯವಾಗಿ ಸೋಲುತ್ತದೆ. ಎಲ್ಲರಿಗೂ ಅವಳ ಬೆಲೆ ತಿಳಿಯುತ್ತದೆ. ಉತ್ತರ: "ನನ್ನ ದೊಡ್ಡವಳು ಮಾಡೋಕೆ ನನ್ನ ಟೀಮನ್ನೇ ಸೋಲಿಸ್ತೀಯಾ? ನಿನ್ನ ಹೊಟ್ಟೆಗೇನು ತಿಂತೀಯ?"

ಪರೀಕ್ಷೆಗೆ ಹೊಸ ಬೆಲ್ಟೇ ಹಾಕಿಕೊಳ್ಳುತ್ತಾಳೆ, ಆದರೆ ಏನೂ ಆಗದವಳ ಹಾಗೆ ಕೂರುತ್ತಾಳೆ, ತಿರುಗು ಅಂದರೆ ಬೀಳುತ್ತಾಳೆ. ಒಂದು ಪಾಯಿಂಟು ಬರುತ್ತದೆ. ಬೆಲ್ಟೂ ಉಳಿಯಿತು, ಜಾಗವೂ ಉಳಿಯಿತು. (ಇದನ್ನು ಬರೆದಾಗ ನನಗೇ ನಾಚಿಕೆಯಾಯಿತು, ಆದರೂ ಕಳಿಸಿದೆ.) ಉತ್ತರ ಬರಲು ಒಂದು ಗಂಟೆ ಹಿಡಿಯಿತು: "ಅಣ್ಣಾ, ಇಷ್ಟು ವರ್ಷದಲ್ಲಿ ಯಾರ ಬಟ್ಟೆಲೂ ಒಂದಿಂಚು ಕದ್ದಿಲ್ಲ ನಾನು. ನನ್ನ ಮೈಯಿಂದಾನೇ ಕದೀಲಾ?"

ಆಮೇಲೆ ನಾನು ಏನನ್ನೂ ಕಳಿಸಲಿಲ್ಲ.

೧೦, ಅಥವಾ ಇದುವರೆಗಿನದೆಲ್ಲ ಪೀಠಿಕೆ

ಈಗ ಶನಿವಾರ. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ನಾವು ಬಂದೆವು. ಕ್ರೀಡಾ ಕಟ್ಟಡದ ಉದ್ದನೆಯ ಕಾರಿಡಾರು, ಒಂದು ಕಡೆ ನೀರಿನ ಮಿಷನ್ನು, ಇನ್ನೊಂದು ಕಡೆ ಮುಚ್ಚಿದ ಬಾಗಿಲು. ಬಾಗಿಲಾಚೆ ಇಬ್ಬರು ಪರೀಕ್ಷಕರು, ಒಂದು ಚೆಂಡು.

ತಂಗಿ ಆಟದ ಕುರ್ಚಿಯಲ್ಲಿ ಮುಂದೆ. ನಾನು ಅಭ್ಯಾಸದಂತೆ ಹಿಂದೆ, ಕೈಗಳು ಜೇಬಿನಲ್ಲಿ. ಅವಳು ಬಾಗಿಲ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಒಂದೂವರೆ ಬಂದ್ರೆ ಬೆಂಚಿಗೆ ಹೋಗೋದು ನಾನು. ಉದ್ದಕ್ಕನಿಗೆ ಬೆಳಿಗ್ಗೇನೇ ಫೋನ್ ಮಾಡಿ ಹೇಳ್ದೆ. ಜಗಳ ಆಡಿದ್ಲು, ಆಡ್ಲಿ."

"ಮತ್ತೆ ಅವಳಿಗೆ ದಾರಿ ಯಾರು ಮಾಡ್ತಾರೆ?"

"ಹೊಸ ಹುಡುಗಿ. ಒಂದು ವಾರದಿಂದ ಕಲಿಸ್ತಿದೀನಿ. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು. ಚುರುಕಿದಾಳೆ, ಸ್ವಲ್ಪ ಆತುರ ಜಾಸ್ತಿ. ದಿನಾ ಪ್ರಾಕ್ಟೀಸಿಗೆ ನೀನೂ ಬರ್ತಿದ್ದೆ. ನಿನ್ನ ಕಥೇಲಿ ಅವಳು ಎಲ್ಲಿ?"

ನಾನು ಮನಸ್ಸಿನಲ್ಲೇ ಪುಟ ತಿರುವಿದೆ. ಎರಡನೆಯ ಭಾಗದಲ್ಲಿ ಅರ್ಧ ಸಾಲು, ಅಷ್ಟೇ. ಈ ವಾರವೆಲ್ಲ ನಾನು ಬೆಲ್ಟನ್ನೇ ನೋಡುತ್ತಾ ಕುಳಿತಿದ್ದೆ. ಚೆಂಡು ನೋಡುವವನಿಗೆ ಇನ್ನೇನು ಕಾಣುತ್ತದೆ?

"ಯಾಕೆ ಹೊಸ ಬೆಲ್ಟೇ?" ಎಂದೆ. "ಹಳೇದು ಹಾಕ್ಕೊಂಡ್ರೆ ಯಾರೂ ತಪ್ಪು ಅನ್ನಲ್ಲ."

"ಯಾರೂ ಅನ್ನಲ್ಲ. ಆದ್ರೆ ಒಂದು ಅನ್ನೋದು ನಂಗೆ ಯಾಕೆ ಇಷ್ಟ ಆಗಿತ್ತು ಹೇಳು? ಸರಿಯಾದ ಲೆಕ್ಕ ಅಂತ. ಈಗ ಅದು ಸರಿ ಇಲ್ಲ." ಬೆಲ್ಟಿನ ಅಂಚು ಸವರುತ್ತಾ, "ಮತ್ತೆ... ತಿರುಗೋಕೆ ಚೆನ್ನಾಗಿದೆ ಕಣೋ. ಅಷ್ಟೇ. ಅದಕ್ಕೆ ದೊಡ್ಡ ಅರ್ಥ ಗಿರ್ಥ ಹಚ್ಚಬೇಡ" ಎಂದಳು.

ನಂತರ ಅವಳು ತಿರುಗಿದಳು. ಕುರ್ಚಿ ಇದ್ದ ಹಾಗೇ ಇತ್ತು. ಮೊದಲು ಭುಜ, ಆಮೇಲೆ ನಿಧಾನವಾಗಿ ನಡು, ಹೊಲಿಗೆ ಸ್ವಲ್ಪ ಕಿರುಗುಟ್ಟಿತು. ತಿರುಗಿ, ನನ್ನನ್ನು ನೋಡಿದಳು. ಅವಳು ಮುಂದೆ, ನಾನು ಹಿಂದೆ, ಇಬ್ಬರೂ ಒಂದೇ ಕಡೆ ಹೊರಟವರು, ಅವಳು ಹಾಗೇ ತಿರುಗಿ ನನ್ನ ಮುಖ ನೋಡಿದ್ದು ಅದೇ ಮೊದಲು.

ಬಹಳ ಹೊತ್ತು ನೋಡಿದಳು.

"ಅಣ್ಣಾ," ಎಂದಳು, "ಇಷ್ಟು ವರ್ಷ ನನ್ನ ಹಿಂದೆ ಹೀಗೆ ಮುಖ ಮಾಡ್ಕೊಂಡಿದ್ಯಾ?"

ಹೇಗೆ ಮಾಡಿಕೊಂಡಿದ್ದೆನೋ ನನಗೇನು ಗೊತ್ತು? ಹಿಂದೆ ಇದ್ದವನಿಗೆ ಯಾರು ಕನ್ನಡಿ ಹಿಡಿಯುತ್ತಾರೆ? ಯಾರೂ ನೋಡುವುದಿಲ್ಲ ಎಂಬ ಧೈರ್ಯದಲ್ಲಿ ಅಷ್ಟು ವರ್ಷ ಹೇಗೆಹೇಗೋ ಇದ್ದುಬಿಟ್ಟಿದ್ದೆ. ಅವಳು ಕೈ ಹಿಂದಕ್ಕೆ ಚಾಚಿ ನನ್ನ ಕೆನ್ನೆಯನ್ನು ಒಂದು ಸಲ ತಟ್ಟಿದಳು. ಹೊಲಿಗೆ ಸೂಜಿಯಿಂದ ಒರಟಾದ ಬೆರಳು. ಮಡಿಲಲ್ಲಿದ್ದ ಹಳೆಯ ಬೆಲ್ಟನ್ನು ನನ್ನ ಕೈಗೆ ಹಾಕಿದಳು.

"ಇದನ್ನ ಇಟ್ಕೊಂಡಿರು. ಮುಖ ತೊಳ್ಕೋ ಹೋಗು, ಅಲ್ಲಿ ನಲ್ಲಿ ಇದೆ."

ಬಾಗಿಲು ತೆರೆಯಿತು. ಒಳಗಿನಿಂದ ಒಬ್ಬ ಹೆಂಗಸು, "ಜೊತೆಗೆ ಬಂದೋರು ಹೊರಗಿರಿ" ಎಂದಳು. ತಂಗಿ ಎರಡು ಸಲ ಚಕ್ರ ತಳ್ಳಿ ಒಳಗೆ ಹೋದಳು. ಬಾಗಿಲು ಮುಚ್ಚಿತು.

೧೧

ಮುಖ ತೊಳೆದಿಲ್ಲ. ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಳೆಯ ಬೆಲ್ಟು ತೊಡೆಯ ಮೇಲಿದೆ, ಅದರ ಮೇಲೆ ನೋಟ್‌ಬುಕ್ಕು. ಒಳಗೆ ಚೆಂಡು ಪುಟಿಯುವ ಸದ್ದು ಕೇಳುತ್ತಿದೆ. ಎಡಕ್ಕೆ ಎಸೆಯುತ್ತಿರಬೇಕು, ಬಲಕ್ಕೆ ಎಸೆಯುತ್ತಿರಬೇಕು. ಒಂದು ಸಲ ಸದ್ದು ನಿಂತಿತು. ಯಾರೋ ಏನೋ ಅಂದರು. ಮತ್ತೆ ಶುರುವಾಯಿತು.

ಓದುಗರೇ, ನಿಮಗೆ ಒಂದು ಮುಕ್ತಾಯ ಬಾಕಿ ಇದೆ ಎಂದು ಗೊತ್ತು. ಒಂದೋ, ಒಂದೂವರೆಯೋ. ಹೊಸ ಹುಡುಗಿ ದಾರಿ ಮಾಡಿದಳೋ ಇಲ್ಲವೋ. ಉದ್ದಕ್ಕನ ಭುಜ ಏನಾಯಿತು. ನಾಲ್ಕನೆಯ ಭಾಗದಲ್ಲಿ ಗಾಳಿಯಲ್ಲಿ ಬಿಟ್ಟ ಆ ಚೆಂಡು ಬೇರೆ. ಇದನ್ನೆಲ್ಲ ಬರೆಯುವುದಕ್ಕೇ ಪೆನ್ನು ಹಿಡಿದು ಕುಳಿತಿದ್ದೇನೆ. ಬಾಗಿಲು ತೆರೆದ ಕೂಡಲೇ ಅವಳು ಹೇಗೆ ಬಂದಳು, ಏನಂದಳು, ಎಲ್ಲವನ್ನೂ ಬಿಸಿಬಿಸಿಯಾಗಿ ಬರೆದುಕೊಳ್ಳಬೇಕು ಎಂದುಕೊಂಡಿದ್ದೇನೆ.

ಬಾಗಿಲು ತೆರೆಯಿತು. ಚಕ್ರದ ಸದ್ದು. ನಾನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ, ಈ ಸಾಲು ಮುಗಿದರೆ ಸಾಕು. ಚಕ್ರ ನನ್ನ ಮುಂದೆ ಬಂದು ನಿಂತಿತು. ಅವಳ ಮಂಡಿ ಕಾಣುತ್ತಿದೆ, ಬೆಲ್ಟಿನ ಅಂಚು ಕಾಣುತ್ತಿದೆ, ಹೊರಮೈಯಲ್ಲಿರುವ ಆ ಗಂಟು ಕೂಡ.

"ಅಣ್ಣಾ."

ಒಂದು ನಿಮಿಷ.

"ಅಣ್ಣಾ, ಬರಿಯೋದು ನಿಲ್ಲಿಸಿ ನನ್ನ ಮುಖ ನೋಡು."

ಕ್ಷಮಿಸಿ. ನೋಡಬೇಕು.